ತೂಕ ಇಳಿಸುವ ಆಪರೇಷನ್ ಮಾಡಿಸಿದರೆ ಶುಗರ್ ನಿಜವಾಗಿ ಹೋಗುತ್ತಾ?

ಸಂತೆಪೇಟೆ ತಂಗಿ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನ ವಿಷಯ ಕೇಳಬೇಕಿತ್ತು. ವಯಸ್ಸು 43. ಎತ್ತರ 168 ಸೆಂಟಿಮೀಟರ್, ತೂಕ 104 ಕೆಜಿ. ಸಂತೆಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಗಲ್ಲಾ ಮುಂದೆ ಕೂತರೆ ಏಳುವುದು ರಾತ್ರಿ ಎಂಟೂವರೆಗೆ.

ಶುಗರ್ ಬಂದು ಆರು ವರ್ಷ ಆಯಿತು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್ ಮೂರೂ ನಡೆಯುತ್ತಿವೆ. ಆದರೂ ಹೋದ ತಿಂಗಳು, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9.4 ಬಂತು. ಇನ್ನು ಇನ್ಸುಲಿನ್ ಶುರು ಮಾಡೋಣ ಅಂದಿದ್ದಾರೆ ಡಾಕ್ಟರು.

ಇದರ ಮಧ್ಯೆ ಅತ್ತಿಗೆ ಕಡೆಯವರೊಬ್ಬರು ಬೆಂಗಳೂರಿನಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡರಂತೆ. ಮೂರನೇ ದಿನಕ್ಕೇ ಶುಗರ್ ನಾರ್ಮಲ್ ಆಯಿತು ಅಂತ ಹೇಳಿಕೊಂಡು ಓಡಾಡುತ್ತಿದ್ದಾರೆ. ಮೂರು ದಿನಕ್ಕೆ ಎಷ್ಟು ತೂಕ ಇಳಿದೀತು? ತೂಕವೇ ಇಳಿಯದೆ ಶುಗರ್ ಹೇಗೆ ಇಳಿಯುತ್ತದೆ? ನನಗಂತೂ ನಂಬಿಕೆ ಬರುತ್ತಿಲ್ಲ. ಅಣ್ಣ ಮಾತ್ರ ಅದನ್ನೇ ಹಿಡಿದುಕೊಂಡಿದ್ದಾನೆ. ಅಮ್ಮ, "ಚೆನ್ನಾಗಿರೋ ಹೊಟ್ಟೆನ ಯಾಕೋ ಕೊಯ್ಸ್ಕೊತೀಯ" ಅಂತ ಅಳುತ್ತಾರೆ.

ನಮ್ಮಪ್ಪನಿಗೂ ಶುಗರ್ ಇತ್ತು. ಮೊದಲು ಕಾಲಿನ ಒಂದು ಬೆರಳು ತೆಗೆದರು. ಆಮೇಲೆ ಕಿಡ್ನಿ ಹೋಯಿತು, ಡಯಾಲಿಸಿಸ್ ಆಯಿತು. 61ಕ್ಕೆ ತೀರಿಕೊಂಡರು. ಅಣ್ಣನಿಗೂ ಹಾಗಾಗಬಾರದು ಅಂತ ಕೇಳುತ್ತಿದ್ದೇನೆ. ಮಾಡಿಸಿಕೊಂಡವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಹಾಗಲಕಾಯಿ ರಸ, ಮಧುನಾಶಿನಿ, ಮೆಂತ್ಯದ ನೀರು ಎಲ್ಲಾ ಆಗಿದೆ. ದಯವಿಟ್ಟು ಮತ್ತೆ ಅದನ್ನೇ ಹೇಳಬೇಡಿ.


ಬಸ್ಸಾರು ಪ್ರಿಯ, ಅರಸೀಕೆರೆ

ಮೊದಲು ಹೊಟ್ಟೆ ಕಟ್ಟಲಿ ಮೇಡಂ, ಕೊಯ್ಯಿಸುವುದು ಆಮೇಲೆ.

ತಮಾಷೆಗೆ ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ ಡೈರೆಕ್ಟ್ ಅಂತ ಒಂದು ಪರೀಕ್ಷೆ ಮಾಡಿದರು. ಶುಗರ್ ಇದ್ದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 850 ಕ್ಯಾಲೊರಿಯಷ್ಟು ಪುಡಿ ಕಲಸಿದ ಪಾನೀಯ, ಸೂಪು ಮಾತ್ರ ಕೊಟ್ಟರು. ಒಂದು ವರ್ಷದ ಹೊತ್ತಿಗೆ ನೂರಕ್ಕೆ 46 ಜನಕ್ಕೆ ಮಾತ್ರೆ ಇಲ್ಲದೆ ಶುಗರ್ ಹತೋಟಿಗೆ ಬಂತು. ಚಾಕು ಮುಟ್ಟಿಸದೆ! ಅದನ್ನು ಓದಿ ನಾನೂ ನನ್ನ ಡಾಕ್ಟರನ್ನು ಕೇಳಿಕೊಂಡು ಶುರು ಮಾಡಿದೆ. 17 ಕೆಜಿ ಇಳಿಸಿದೆ. ಒಂದೂವರೆ ವರ್ಷ ಮಾತ್ರೆ ಇರಲಿಲ್ಲ. ಆಮೇಲೆ 9 ಕೆಜಿ ವಾಪಸ್ ಬಂತು, ಅದರ ಹಿಂದೆಯೇ ಮೆಟ್‌ಫಾರ್ಮಿನ್ನೂ ಬಂತು. ಅದನ್ನೂ ಮುಚ್ಚಿಡುವುದಿಲ್ಲ.


ಡೇರಿ ಸೆಕ್ರೆಟರಿ, ಹೊಳೆನರಸೀಪುರ ತಾಲ್ಲೂಕು

ತಂಗಿ, ಮೂರನೇ ದಿನಕ್ಕೆ ಶುಗರ್ ಇಳಿಯುವುದು ಸುಳ್ಳಲ್ಲ. ನನಗೇ ಇಳಿದಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಿನಲ್ಲಿ ಓದಿ.

ನಾನು ನಮ್ಮೂರಿನ ಹಾಲಿನ ಡೇರಿ ಸೆಕ್ರೆಟರಿ. ದಿನಾ ಎರಡು ಹೊತ್ತು ಊರಿನವರ ಹಾಲಿಗೆ ಫ್ಯಾಟ್ ನೋಡುವುದು ನನ್ನ ಕೆಲಸ. 3.5 ಬರದಿದ್ದರೆ ಮುಖ ಗಂಟು ಹಾಕುತ್ತೇನೆ. ಸೆಕ್ರೆಟರಿಯ ಫ್ಯಾಟ್ ಎಷ್ಟು ಅಂತ ಮಾತ್ರ ಯಾರೂ ಕೇಳುತ್ತಿರಲಿಲ್ಲ. 2019ರಲ್ಲಿ 121 ಕೆಜಿ ಇದ್ದೆ, ಎತ್ತರ 172. ಶುಗರ್ ಬಂದು ಐದು ವರ್ಷ. ಕೊನೆಯ ಹತ್ತು ತಿಂಗಳು ದಿನಕ್ಕೆ 34 ಯೂನಿಟ್ ಇನ್ಸುಲಿನ್. ಎಚ್‌ಬಿಎ1ಸಿ 9.8. ವಯಸ್ಸು ಆಗ 40. ಆ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬೈಪಾಸ್ ಮಾಡಿಸಿದೆ. ಹೃದಯದ ಬೈಪಾಸ್ ಅಲ್ಲ, ಹೊಟ್ಟೆಯದು. ಊರಿನವರು ಇವತ್ತಿಗೂ "ಹಾರ್ಟ್ ಹೆಂಗಿದೆ ಸೆಕ್ರೆಟ್ರಿ" ಅಂತಲೇ ಕೇಳುತ್ತಾರೆ.

ಲೆಕ್ಕ ಬರೆಯುವ ಚಟ ನನಗೆ. ಡೇರಿಯ ಹಳೇ ಲೆಡ್ಜರಿನ ಹಿಂದಿನ ಹಾಳೆಗಳಲ್ಲಿ ಎಲ್ಲಾ ಬರೆದಿಟ್ಟಿದ್ದೇನೆ. ಅದನ್ನು ನೋಡಿಕೊಂಡೇ ಹೇಳುತ್ತಿದ್ದೇನೆ. ಆಪರೇಷನ್‌ಗೆ ಎರಡು ವಾರ ಮುಂಚೆ ಪಥ್ಯ ಹಾಕಿದರು. ಬರೀ ನೀರು ಮಜ್ಜಿಗೆ, ತಿಳಿ ಬೇಳೆಕಟ್ಟು, ಪ್ರೋಟೀನ್ ಪುಡಿ. ಲಿವರ್ ಕುಗ್ಗಲಿ, ಒಳಗೆ ಕೈಯಾಡಿಸಲು ಜಾಗ ಆಗಲಿ ಅಂತ. ಆ ಪಥ್ಯಕ್ಕೇ ಬೆಳಗಿನ ಶುಗರ್ 240 ಇದ್ದದ್ದು 178ಕ್ಕೆ ಬಂತು. ತೂಕ 116 ಆಯಿತು. ಹಾಗಾಗಿ ಬಸ್ಸಾರು ಪ್ರಿಯರು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಅರ್ಧ ಕೆಲಸ ಹೊಟ್ಟೆ ಕಟ್ಟಿದ್ದಕ್ಕೇ ಆಗಿತ್ತು.

ಆಪರೇಷನ್ ಆದ ಎರಡನೇ ದಿನ 144. ನಾಲ್ಕನೇ ದಿನ ಮನೆಗೆ ಕಳಿಸುವಾಗ 118. ಇನ್ಸುಲಿನ್ ಒಂದು ಯೂನಿಟ್ಟೂ ಇಲ್ಲ. ಆ ದಿನದ ತೂಕ 115. ಅಂದರೆ ಒಂದೇ ಒಂದು ಕೆಜಿ ಇಳಿದಿತ್ತು, ಶುಗರ್ 60 ಇಳಿದಿತ್ತು. ಮೀಟರ್ ಕೆಟ್ಟಿದೆ ಅಂತ ನನ್ನ ಹೆಂಡತಿ ತನ್ನ ಬೆರಳು ಚುಚ್ಚಿಕೊಂಡು ನೋಡಿದಳು. ಅವಳದು 92. ಮೀಟರ್ ಸರಿಯಾಗೇ ಇತ್ತು.

ಯಾಕೆ ಹಾಗಾಯಿತು ಅಂತ ಸರ್ಜನ್ನರನ್ನೇ ಕೇಳಿದೆ. ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನನಗೆ ತಿಳಿದ ಹಾಗೆ ಹೇಳುತ್ತೇನೆ.

ಹೇಮಾವತಿ ನಾಲೆ ನೋಡಿದ್ದೀರಲ್ಲಾ. ಗೊರೂರಿನಲ್ಲಿ ನೀರು ಬಿಟ್ಟರೆ ಮೇಲಿನವರ ಗದ್ದೆ ಮೊದಲು ತುಂಬುತ್ತದೆ. ಟೈಲೆಂಡಿನವರ ಹತ್ತಿರ ಬರುವ ಹೊತ್ತಿಗೆ ಕಾಲುವೆ ತಳ ಕಾಣುತ್ತದೆ. ನಮ್ಮ ಕರುಳಿನದೂ ಅದೇ ಕಥೆ. ತಿಂದದ್ದರಲ್ಲಿ ಜಾಸ್ತಿ ಪಾಲನ್ನು ಮೇಲಿನ ಕರುಳೇ ಹೀರಿಕೊಳ್ಳುತ್ತದೆ. ಕೆಳಗಿನ ಕರುಳಿಗೆ ಹೋಗುವುದು ಉಳಿದದ್ದು ಬಳಿದದ್ದು. ಆದರೆ ಜಿಎಲ್‌ಪಿ-1 ಅನ್ನುವ ಹಾರ್ಮೋನು ಜಾಸ್ತಿ ತಯಾರಾಗುವುದು ಆ ಕೆಳಗಿನ ಭಾಗದಲ್ಲೇ. ಊಟ ಬಂದು ತಗುಲಿದರೆ ಅದು ರಕ್ತಕ್ಕೆ ಇಳಿಯುತ್ತದೆ. "ಸಕ್ಕರೆ ಬರುತ್ತಾ ಇದೆ, ಇನ್ಸುಲಿನ್ ಬಿಡು" ಅಂತ ಮೇದೋಜೀರಕಕ್ಕೆ ಸುದ್ದಿ ಮುಟ್ಟಿಸುವುದು ಅದೇ.

ಬೈಪಾಸಿನಲ್ಲಿ ಜಠರದ ಮೇಲಿನ ತುದಿಯಲ್ಲಿ ಒಂದು ಸಣ್ಣ ಚೀಲ ಮಾತ್ರ ಉಳಿಸುತ್ತಾರೆ. ಸುಮಾರು 30 ಎಂಎಲ್, ಕಾಫಿ ಲೋಟದ ಕಾಲು ಭಾಗವೂ ಇಲ್ಲ. ಕರುಳನ್ನು ಸ್ವಲ್ಪ ಕೆಳಗೆ ಕತ್ತರಿಸಿ ಆ ಚೀಲಕ್ಕೆ ಜೋಡಿಸುತ್ತಾರೆ. ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ತೆಗೆದು ಬಿಸಾಡುವುದಿಲ್ಲ. ಅವು ಪಕ್ಕದಲ್ಲಿ ಇರುತ್ತವೆ, ಅವುಗಳ ರಸ ಕೆಳಗೆ ಬಂದು ಕೂಡಿಕೊಳ್ಳುತ್ತದೆ. ಮೇಲಿನ ತೂಬು ಮುಚ್ಚಿ ನೀರನ್ನು ನೇರ ಟೈಲೆಂಡಿಗೆ ಹರಿಸಿದ ಹಾಗೆ. ಊಟ ಬೇಗ ಕೆಳಗೆ ಇಳಿಯುತ್ತದೆ, ಜಿಎಲ್‌ಪಿ-1 ಜೋರಾಗಿ ಏಳುತ್ತದೆ. ಇನ್ನೊಂದು ಕಡೆ ಲಿವರ್. ಊಟ ಕಮ್ಮಿಯಾದ ತಕ್ಷಣ ಮೊದಲು ಕರಗುವುದು ಲಿವರಿನಲ್ಲಿ ತುಂಬಿದ ಕೊಬ್ಬು. ರಾತ್ರಿಯೆಲ್ಲಾ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುವುದು ಲಿವರ್ ತಾನೇ? ಕೊಬ್ಬು ಇಳಿದ ಲಿವರ್ ಇನ್ಸುಲಿನ್ನಿನ ಮಾತು ಕೇಳುತ್ತದೆ. ಅದಕ್ಕೇ ಬೆಳಗಿನ ಶುಗರ್ ಮೊದಲು ಇಳಿಯುವುದು. ಸೊಂಟದ ಸುತ್ತಳತೆ ಕರಗಲು ಇನ್ನೂ ತಿಂಗಳುಗಳು ಬೇಕು.

ಸ್ಲೀವ್ ಅಂತ ಇನ್ನೊಂದಿದೆ. ಅದರಲ್ಲಿ ಕರುಳು ಮುಟ್ಟುವುದಿಲ್ಲ. ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದು ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿ ಬರುವುದು ತೆಗೆದುಹಾಕುವ ಆ ಭಾಗದಿಂದಲೇ. ಹಾಗಾಗಿ ಹಸಿವೂ ಕಮ್ಮಿ.

ಇಷ್ಟು ಕೇಳಿ ಅಣ್ಣ ಕುಣಿದಾನು. ಮುಂದಿನ ಲೆಕ್ಕವನ್ನೂ ಓದಿ ಹೇಳಿ. ಒಂದು ವರ್ಷಕ್ಕೆ ತೂಕ 82, ಎಚ್‌ಬಿಎ1ಸಿ 5.8, ಮಾತ್ರೆ ಸೊನ್ನೆ. ಎರಡನೇ ವರ್ಷ 5.7. ಊರಿನವರಿಗೆಲ್ಲಾ ಶುಗರ್ ಹೋಯಿತು ಅಂತ ಹೇಳಿಕೊಂಡು ತಿರುಗಿದೆ. ಮೂರನೇ ವರ್ಷ ಟೆಸ್ಟೇ ಮಾಡಿಸಲಿಲ್ಲ. ಹೋದದ್ದನ್ನು ಯಾಕೆ ನೋಡಬೇಕು ಅಂತ ಕೊಬ್ಬು. ನಾಲ್ಕನೇ ವರ್ಷ 6.3. ಈಗ ತೂಕ 89, ಎಚ್‌ಬಿಎ1ಸಿ 6.8 ಬಂದು ಮೆಟ್‌ಫಾರ್ಮಿನ್ ದಿನಕ್ಕೊಂದು ಮತ್ತೆ ಶುರುವಾಗಿದೆ. ಇನ್ಸುಲಿನ್ ಮಾತ್ರ ಅವತ್ತಿನಿಂದ ಇವತ್ತಿನವರೆಗೂ ಮುಟ್ಟಿಲ್ಲ. ನನಗೆ ಇದು ಲಾಭದ ಬಾಬ್ತೇ. ಆದರೆ "ಹೋಯಿತು" ಅನ್ನುವ ಮಾತು ಬಿಟ್ಟಿದ್ದೇನೆ.


ಸಂತೆಪೇಟೆ ತಂಗಿ, ಹಾಸನ

ಅಣ್ಣಾ, ನಿಮ್ಮ ನಾಲೆ ಲೆಕ್ಕ ಅಮ್ಮನಿಗೂ ಓದಿ ಹೇಳಿದೆ. ಅವರಿಗೂ ಅರ್ಥ ಆಯಿತು. "ಹಂಗಾದ್ರೆ ಮುದ್ದೆ ಉಣ್ಣಂಗಿಲ್ವಾ" ಅಂತ ಕೇಳಿದರು. ತೊಂದರೆಗಳ ಬಗ್ಗೆಯೂ ಹೇಳುತ್ತೀರಾ? ಸುಮ್ನೆ ಹೆದರಿಸುತ್ತೇನೆ ಅಂತ ಅಂದುಕೊಳ್ಳಬೇಡಿ, ಎಲ್ಲಾ ಹೇಳಿ.


ಡೇರಿ ಸೆಕ್ರೆಟರಿ, ಹೊಳೆನರಸೀಪುರ ತಾಲ್ಲೂಕು

ನಿಮ್ಮಮ್ಮ ಸರಿಯಾದ ಪ್ರಶ್ನೆ ಕೇಳಿದ್ದಾರೆ. ಬೆಂಗಳೂರಿನ ಡಯಟಿಷಿಯನ್ ಮೇಡಂ ನನಗೆ ಇಡ್ಲಿ, ಓಟ್ಸ್, ಮೊಟ್ಟೆ, ಪನೀರ್ ಅಂತ ಚೀಟಿ ಬರೆದುಕೊಟ್ಟರು. ಕೊನೆಗೆ "ಎಲ್ಲಾ ಚೆನ್ನಾಗಿ ಅಗಿದು ತಿನ್ನಿ" ಅಂದರು. ಮುದ್ದೆ ಅಂತ ಒಂದಿದೆ, ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ನನಗೂ ಹೇಳಬೇಕು ಅಂತ ಹೊಳೆಯಲಿಲ್ಲ.

ಮೂರನೇ ತಿಂಗಳಲ್ಲಿ ಹುರುಳಿಕಟ್ಟಿನ ಸಾರು ಮಾಡಿದ್ದರು. ವಾಸನೆಗೆ ತಡೆಯಲಾಗಲಿಲ್ಲ. ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ನಲವತ್ತು ವರ್ಷದ ಅಭ್ಯಾಸದಂತೆ ನುಂಗಿದೆ. ಅಷ್ಟೇ. ಎದೆಗೂಡಿನ ನಡುವೆ ಕಲ್ಲು ಕೂತ ಹಾಗಾಯಿತು. ಬಾಯಲ್ಲಿ ನೊರೆ ನೊರೆ ಜೊಲ್ಲು. ಒಂದು ಗಂಟೆ ಹಿತ್ತಲಿನಲ್ಲಿ ಬಗ್ಗಿ ನಿಂತಿದ್ದೆ. ಕೊನೆಗೆ ತುತ್ತು ವಾಪಸ್ ಬಂತು, ಇದ್ದ ಹಾಗೇ, ಸಾರಿನ ಬಣ್ಣ ಸಮೇತ. 30 ಎಂಎಲ್ ಚೀಲದ ಬಾಯಿಗೆ ಹಾಸನದ ಮುದ್ದೆ ತುತ್ತು ಬಿರಡೆ ಇದ್ದ ಹಾಗೆ. ಯಾವ ಆಸ್ಪತ್ರೆಯ ಚೀಟಿಯಲ್ಲೂ ಇದು ಇರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರಡನೆಯದು ಹೋಳಿಗೆ. ಎರಡನೇ ವರ್ಷ ಭಾವಮೈದುನನ ಮನೆ ಗೃಹಪ್ರವೇಶ. ಶುಗರ್ ಇಲ್ಲವಲ್ಲ ಅಂತ ಧೈರ್ಯವಾಗಿ ಎರಡು ಹೋಳಿಗೆ, ಒಂದು ಲೋಟ ಪಾಯಸ ಹೊಡೆದೆ. ಅರ್ಧ ಗಂಟೆಯೊಳಗೆ ಎದೆ ಡವಡವ, ಹೊಟ್ಟೆ ಕಿವುಚಿ ಭೇದಿ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಿಹಿ ಒಂದೇ ಸಲ ಕರುಳಿಗೆ ಬಿದ್ದರೆ ಹಾಗಾಗುತ್ತದೆ. ಸರಿಹೋಯಿತು ಅಂತ ಸಂಜೆ ಡೇರಿಗೆ ಬಂದೆ. ಹಾಲು ಅಳೆಯುವಾಗ ಕೈ ನಡುಗಲು ಶುರು. ಬೆವರು ಸುರಿಯುತ್ತಿದೆ. ಒಬ್ಬರ ಫ್ಯಾಟ್ 3.8 ಅಂತ ಬರೆಯುವ ಕಡೆ 8.3 ಬರೆದೆ. ಅವರು ಖುಷಿಯಾಗಿ ಸುಮ್ನೆ ನಿಂತಿದ್ದರು! ಹಿಂದಿದ್ದ ಹುಡುಗ ನೋಡಿ ನನ್ನನ್ನು ಕೂರಿಸಿದ. ಮೀಟರ್ ಹಾಕಿದರೆ 52.

ಶುಗರ್ ಕಾಯಿಲೆಯವನಿಗೆ ಶುಗರ್ ಇಲ್ಲದೆ ತಲೆ ತಿರುಗಿತು, ನೋಡಿ. ಬೈಪಾಸ್ ಆದ ಒಂದು ವರ್ಷದ ಮೇಲೆ ಕೆಲವರಿಗೆ ಹೀಗಾಗುತ್ತದೆ. ಸಿಹಿ ಥಟ್ಟನೆ ಏರುತ್ತದೆ, ಅದಕ್ಕೆ ಇನ್ಸುಲಿನ್ ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತದೆ, ಒಂದರಿಂದ ಮೂರು ಗಂಟೆಯೊಳಗೆ ಶುಗರ್ ಕುಸಿಯುತ್ತದೆ. ಅವತ್ತಿನಿಂದ ಊಟದಲ್ಲಿ ಮೊದಲು ಕಾಳು, ಮೊಟ್ಟೆ, ಕೋಳಿ ಇದ್ದರೆ ಕೋಳಿ. ಅನ್ನ ಕೊನೆಗೆ. ಊಟದ ಜೊತೆ ನೀರು ಕುಡಿಯುವುದಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯುತ್ತೇನೆ. ಬೈಕ್ ಪೆಟ್ಟಿಗೆಯಲ್ಲಿ ಗ್ಲೂಕೋಸ್ ಮಾತ್ರೆ ಇರುತ್ತದೆ.

ಮೂರನೆಯದು ನನ್ನದೇ ತಪ್ಪು. ವಿಟಮಿನ್ ಮಾತ್ರೆ ಜೀವನಪೂರ್ತಿ ಅಂತ ಹೇಳಿದ್ದರು. ಟೆಸ್ಟ್ ಬಿಟ್ಟ ವರ್ಷವೇ ಅದನ್ನೂ ಬಿಟ್ಟೆ. ಪಾದ ಜುಮ್ಮೆನ್ನಲು ಶುರುವಾಯಿತು. ಶುಗರಿನಿಂದ ನರ ಹೋಯಿತು ಅಂದುಕೊಂಡು ರಾತ್ರಿ ನಿದ್ದೆ ಇಲ್ಲ. ಕೊನೆಗೆ ನೋಡಿದರೆ ಬಿ12 ತಳ ಕಂಡಿತ್ತು. ಇಂಜೆಕ್ಷನ್ ತಗೊಂಡ ಮೇಲೆ ಸರಿಯಾಯಿತು. ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತದಂತೆ, ಹಾಗಾಗಿ ನನ್ನಂಥವನಿಗೆ ಎರಡು ಕಡೆಯಿಂದ ಪೆಟ್ಟು. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಕೂಡ ನೋಡಿಸುತ್ತಿರಬೇಕು.

ಕೂದಲು ನಾಲ್ಕನೇ ತಿಂಗಳಿಗೆ ಉದುರಿತು, ವರ್ಷದೊಳಗೆ ವಾಪಸ್ ಬಂತು. ಇದ್ದದ್ದೇ ಕಮ್ಮಿ, ಅದರ ಬಗ್ಗೆ ಹೇಳುವುದೇನಿಲ್ಲ.


ನಿವೃತ್ತ ಸಿಸ್ಟರ್, ಸಕಲೇಶಪುರ

ಸೆಕ್ರೆಟರಿಯವರು ಚೆನ್ನಾಗಿ ಬರೆದಿದ್ದೀರಿ. ಆದರೆ ಅದು ಒಬ್ಬರ ಲೆಡ್ಜರ್. ನಾನು 31 ವರ್ಷ ಸರ್ಜರಿ ವಾರ್ಡಿನಲ್ಲಿ ಇದ್ದವಳು. ಒಬ್ಬರಿಗೆ ಆದದ್ದು ಇನ್ನೊಬ್ಬರಿಗೂ ಆಗುತ್ತದೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಸ್ವಲ್ಪ ದೊಡ್ಡ ಲೆಕ್ಕ ನೋಡಮ್ಮ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಹತೋಟಿಗೆ ಬಾರದ ಶುಗರ್ ಇದ್ದ 150 ಜನರನ್ನು ಮೂರು ಗುಂಪು ಮಾಡಿದರು. ಎಲ್ಲರಿಗೂ ಬಿಗಿಯಾದ ಔಷಧಿ. ಒಂದು ಗುಂಪಿಗೆ ಜೊತೆಗೆ ಬೈಪಾಸ್, ಇನ್ನೊಂದಕ್ಕೆ ಸ್ಲೀವ್. ಒಂದು ವರ್ಷಕ್ಕೆ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕೆಳಗೆ ಬಂದವರು ಬೈಪಾಸಿನಲ್ಲಿ ನೂರಕ್ಕೆ 42, ಸ್ಲೀವಿನಲ್ಲಿ 37, ಬರೀ ಔಷಧಿಯಲ್ಲಿ 12. ಐದು ವರ್ಷಕ್ಕೆ ಅದೇ ಲೆಕ್ಕ 29, 23, 5. ಎಲ್ಲಾ ಗುಂಪಿನಲ್ಲೂ ಅಂಥವರ ಸಂಖ್ಯೆ ಇಳಿಯಿತು. ಆದರೆ ಐದು ಎಲ್ಲಿ, 29 ಎಲ್ಲಿ!

ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನ ಇನ್ನೂ ದೂರದವರೆಗೆ ನೋಡಿದೆ. ಆಪರೇಷನ್ ಆದವರಲ್ಲಿ ಎರಡು ವರ್ಷಕ್ಕೆ ನೂರಕ್ಕೆ 72 ಜನಕ್ಕೆ ಶುಗರ್ ಅಡಗಿತ್ತು. 15 ವರ್ಷಕ್ಕೆ 30 ಜನಕ್ಕೆ ಮಾತ್ರ. ಹಾಗಂತ ಉಳಿದವರಿಗೆ ನಷ್ಟವಾಯಿತು ಅನ್ನಬೇಡಿ. ಕಣ್ಣು, ಕಿಡ್ನಿ, ನರದ ತೊಂದರೆಗಳು ಆಪರೇಷನ್ ಗುಂಪಿನಲ್ಲಿ ಸುಮಾರು ಅರ್ಧದಷ್ಟೇ ಇದ್ದವು. ನಿಮ್ಮ ತಂದೆಯ ವಿಷಯ ಓದಿದ ಮೇಲೆ ಇದನ್ನು ಹೇಳಲೇಬೇಕು ಅನ್ನಿಸಿತು.

ಗುಣವಾಯಿತು ಅನ್ನುವ ಮಾತನ್ನು ಡಾಕ್ಟರುಗಳು ಬಳಸುವುದಿಲ್ಲ. ರೆಮಿಷನ್ ಅನ್ನುತ್ತಾರೆ. ಶುಗರಿನ ಔಷಧಿ ಎಲ್ಲಾ ನಿಲ್ಲಿಸಿ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ರ ಕೆಳಗಿದ್ದರೆ ರೆಮಿಷನ್, ಅಂತ 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿಕೊಂಡಿದ್ದಾರೆ. ಆಮೇಲೂ ವರ್ಷಕ್ಕೊಮ್ಮೆಯಾದರೂ ಟೆಸ್ಟ್ ಬೇಕು.

ಯಾರಿಗೆ ಚೆನ್ನಾಗಿ ಆಗುತ್ತದೆ ಅಂತ ಕೇಳಿದರೆ, ಶುಗರ್ ಬಂದು ಕಮ್ಮಿ ವರ್ಷ ಆದವರಿಗೆ, ಇನ್ಸುಲಿನ್ನಿಗೆ ಇನ್ನೂ ಹೋಗದವರಿಗೆ, ಮೇದೋಜೀರಕದಲ್ಲಿ ಇನ್ನೂ ಜೀವ ಇರುವವರಿಗೆ. ಆ ಕೊನೆಯದನ್ನು ತಿಳಿಯಲು ಸಿ-ಪೆಪ್ಟೈಡ್ ಅಂತ ರಕ್ತಪರೀಕ್ಷೆ ಇದೆ. ಮೇದೋಜೀರಕ ಇನ್ಸುಲಿನ್ ತಯಾರಿಸುವಾಗ ಜೊತೆಯಲ್ಲೇ ಹೊರಬರುವ ಚೂರು ಅದು. ಅದು ತೀರಾ ಕಮ್ಮಿ ಇದ್ದರೆ ನಾಲೆ ತಿರುಗಿಸಿ ಏನು ಪ್ರಯೋಜನ, ಅಣೆಕಟ್ಟಿನಲ್ಲೇ ನೀರಿಲ್ಲ. ಅಣ್ಣನಿಗೆ ಆರು ವರ್ಷ, ಇನ್ಸುಲಿನ್ ಇಲ್ಲ. ಯೋಚಿಸುವ ಕಾಲ ಇದೇ, ಇನ್ನೂ ಹತ್ತು ವರ್ಷ ಬಿಟ್ಟು ಅಲ್ಲ.

ಇನ್ನು ಮಾತ್ರೆಗಳ ವಿಷಯ. ಡಾಪಾಗ್ಲಿಫ್ಲೋಜಿನ್ನನ್ನು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕು. ಊಟವಿಲ್ಲದೆ ಅದನ್ನು ತಗೊಂಡರೆ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರುತ್ತದೆ, ಮೀಟರಿನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ಕಾಣುವುದೂ ಇಲ್ಲ, ಮೋಸ ಮಾಡುತ್ತದೆ. ಪಥ್ಯದ ದಿನಗಳಲ್ಲೇ ಯಾವಾಗ ನಿಲ್ಲಿಸಬೇಕು ಅಂತ ಕೇಳಿ. ಗ್ಲಿಮೆಪಿರೈಡ್ ಊಟ ಕಮ್ಮಿಯಾದಾಗ ಶುಗರನ್ನು ತೀರಾ ಕೆಳಗೆ ತಳ್ಳುತ್ತದೆ, ಅದನ್ನೂ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಯಾವುದನ್ನೂ ನೀವೇ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ದಿನಾಂಕ ಹಾಕಿ ಬರೆಸಿಕೊಳ್ಳಿ. ಕಣ್ಣಿನ ಹಿಂಭಾಗವನ್ನು ಮೊದಲೇ ತೋರಿಸಿ. ಬಹಳ ದಿನ ಮೇಲಿದ್ದ ಶುಗರ್ ಒಮ್ಮೆಲೇ ಇಳಿದರೆ ರೆಟಿನಾ ಮೊದಲೇ ಕೆಟ್ಟಿದ್ದವರಿಗೆ ಕೆಲವೊಮ್ಮೆ ಇನ್ನಷ್ಟು ಕೆಡುತ್ತದೆ. ಬೀಡಿ ಸಿಗರೇಟು ಇದ್ದರೆ ಬಿಡಿಸಿ. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಅಭ್ಯಾಸ ಬೈಪಾಸ್ ಆದವರಿಗೆ ಕೂಡದು, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ.


ಕಾಫಿ ತೋಟದ ಮನೆ, ಚಿಕ್ಕಮಗಳೂರು

ಸಿಸ್ಟರ್ ಹೇಳಿದ ಸಿ-ಪೆಪ್ಟೈಡ್ ವಿಷಯ ನಮಗೆ ಆಗ ಯಾರೂ ಹೇಳಲಿಲ್ಲ. ನಮ್ಮತ್ತೆಗೆ 2021ರಲ್ಲಿ ಸ್ಲೀವ್ ಮಾಡಿಸಿದೆವು. ಆಗ ಅವರಿಗೆ 58. ಶುಗರ್ ಬಂದು 18 ವರ್ಷ, ದಿನಕ್ಕೆ 60 ಯೂನಿಟ್ ಇನ್ಸುಲಿನ್. ಎಲ್ಲಾ ನಿಂತುಹೋಗುತ್ತದೆ ಅಂತ ಆಸೆ ಹುಟ್ಟಿಸಿದ್ದರು. ನಿಲ್ಲಲಿಲ್ಲ. 18 ಯೂನಿಟ್ಟಿಗೆ ಬಂದು ಅಲ್ಲೇ ನಿಂತಿದೆ. ಅತ್ತೆಗೆ ಅದೊಂದು ಕೊರಗು. "ಹೊಟ್ಟೆನೂ ಹೋಯ್ತು, ಸೂಜಿನೂ ಉಳೀತು" ಅನ್ನುತ್ತಾರೆ.

ಜೊತೆಗೆ ಎದೆಯುರಿ ಶುರುವಾಗಿದೆ. ಸ್ಲೀವ್ ಆದವರಿಗೆ ಇದು ಜಾಸ್ತಿಯಂತೆ. ಕಡುಬು ತಿಂದು ಮಲಗಿದರೆ ಹುಳಿ ಗಂಟಲಿಗೇ ಬರುತ್ತದೆ. ನಿಮ್ಮ ಅಣ್ಣನಿಗೆ ಈಗಾಗಲೇ ಹುಳಿತೇಗು, ಎದೆಯುರಿ ಇದ್ದರೆ ಸ್ಲೀವಾ ಬೈಪಾಸಾ ಅಂತ ಕೇಳುವಾಗ ಅದನ್ನು ಮರೆಯದೆ ಹೇಳಿ.

ಒಂದು ಮಾತು ಮಾತ್ರ ನಿಜ. ಮೊದಲು ಮನೆಯಿಂದ ಕಣಕ್ಕೆ ನಡೆಯಲು ಎರಡು ಕಡೆ ಕೂರುತ್ತಿದ್ದರು. ಈ ಸಲ ಹಣ್ಣು ಕೊಯ್ಯುವಾಗ ಆಳುಗಳ ಹಿಂದೆಯೇ ತೋಟ ಸುತ್ತುತ್ತಿದ್ದರು. ಉದುರು ಹಣ್ಣು ಬಿಟ್ಟಿದ್ದಕ್ಕೆ ನನಗೂ ಬೈಸಿಕೊಳ್ಳುವ ಯೋಗ.


ಸಂತೆಪೇಟೆ ತಂಗಿ, ಹಾಸನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ ಉಳಿದಿದೆ. ದುಡ್ಡು ಎಷ್ಟಾಗುತ್ತದೆ, ಇನ್ಶೂರೆನ್ಸ್ ಕೊಡುತ್ತಾರಾ? ಮತ್ತೆ ಈಗ ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ, ಅದನ್ನೇ ಹಾಕಿಸಿದರೆ ಆಗಲ್ವಾ ಅಂತ ಅತ್ತಿಗೆ ಕೇಳುತ್ತಿದ್ದಾರೆ.


ಡೇರಿ ಸೆಕ್ರೆಟರಿ, ಹೊಳೆನರಸೀಪುರ ತಾಲ್ಲೂಕು

ನನಗೆ ಆಗ ಎಲ್ಲಾ ಸೇರಿ ನಾಲ್ಕು ಲಕ್ಷದ ಹತ್ತಿರ ಹತ್ತಿರ ಆಯಿತು. ಚೀಟಿ ಎತ್ತಿದೆ, ಎರಡು ಹಸು ಮಾರಿದೆ. ಇನ್ಶೂರೆನ್ಸ್ ಕಂಪನಿಯವರು ಇದು ಚೆಂದಕ್ಕೆ ಮಾಡಿಸುವ ಆಪರೇಷನ್ ಅಂತ ಕಾಗದ ವಾಪಸ್ ಕಳಿಸಿದರು. ಚೆಂದವಂತೆ! ನನ್ನ ಮುಖ ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಈಗ ನಿಯಮ ಸ್ಪಷ್ಟವಾಗಿದೆ. ಇನ್ಶೂರೆನ್ಸ್ ಕಂಪನಿಗಳ ಮೇಲಿನ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಎಲ್ಲಾ ಕಂಪನಿಗಳಿಗೂ ಒಂದೇ ಮಾತು ಹಾಕಿಕೊಟ್ಟಿದೆ. ಡಾಕ್ಟರ ಸಲಹೆ ಇರಬೇಕು, ವಯಸ್ಸು 18 ದಾಟಿರಬೇಕು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 40 ಅಥವಾ ಅದಕ್ಕಿಂತ ಮೇಲಿರಬೇಕು. ಇಲ್ಲವೇ 35 ಅಥವಾ ಅದಕ್ಕಿಂತ ಮೇಲಿದ್ದು, ಹತೋಟಿಗೆ ಬಾರದ ಟೈಪ್ ಎರಡು ಶುಗರಿನಂಥ ಕಾಯಿಲೆ ಇರಬೇಕು. ನಿಮ್ಮ ಅಣ್ಣನ ಲೆಕ್ಕ ಹಾಕಿದೆ, 36.8 ಬಂತು. ಹಾಗಾಗಿ ದಾರಿ ಇದೆ. ಆದರೆ ಪಾಲಿಸಿ ಮಾಡಿಸುವಾಗ ಶುಗರ್ ಇದೆ ಅಂತ ಬರೆಸಿದ್ದರಾ ನೋಡಿ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಇರುತ್ತದೆ. ಈಗ ಹೆಚ್ಚೆಂದರೆ 36 ತಿಂಗಳು. ಮೂರು ತಿಂಗಳಿಗೊಮ್ಮೆ ಮಾಡಿಸಿದ ಎಚ್‌ಬಿಎ1ಸಿ ಚೀಟಿಗಳನ್ನೆಲ್ಲಾ ಎತ್ತಿಡಿ. ಹತೋಟಿಗೆ ಬಾರದ್ದು ಅಂತ ತೋರಿಸುವುದು ಆ ಚೀಟಿಗಳೇ.

ಇಂಜೆಕ್ಷನ್ ವಿಷಯ ಸಿಸ್ಟರ್ ಹೇಳಲಿ.


ನಿವೃತ್ತ ಸಿಸ್ಟರ್, ಸಕಲೇಶಪುರ

ಒಂದು ಸೇರಿಸುತ್ತೇನೆ. ಇನ್ಶೂರೆನ್ಸಿನ ಗಡಿ 35 ಇರಬಹುದು, ಆದರೆ 2016ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಗಡಿಯನ್ನು 2.5 ಇಳಿಸಿದೆ. ಹತೋಟಿಗೆ ಬಾರದ ಶುಗರ್ ಇದ್ದರೆ ನಮಗೆ 32.5ರಿಂದಲೇ ಆಪರೇಷನ್ ಸಲಹೆ. ನಮಗೆ ಹೊಟ್ಟೆ ಸುತ್ತ ಕೊಬ್ಬು ಬೇಗ ಸೇರುತ್ತದೆ, ಕಮ್ಮಿ ತೂಕದಲ್ಲೇ ಶುಗರ್ ಬರುತ್ತದೆ, ಅದಕ್ಕೆ.

ವಾರದ ಇಂಜೆಕ್ಷನ್ ಅಂದರೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್. ಎರಡನೆಯದು ನಮ್ಮ ದೇಶದಲ್ಲಿ 2025ರ ಮಾರ್ಚಿನಿಂದ ಸಿಗುತ್ತಿದೆ. ಸೆಕ್ರೆಟರಿಯವರ ಟೈಲೆಂಡ್ ಹಾರ್ಮೋನಿನ ಕೆಲಸವನ್ನೇ ಅವು ಹೊರಗಿನಿಂದ ಮಾಡುತ್ತವೆ. ಒಳ್ಳೆಯ ಔಷಧಿಗಳೇ. ಆದರೆ ನಿಲ್ಲಿಸಿದರೆ ತೂಕದ ಬಹುಪಾಲು ವಾಪಸ್ ಬರುತ್ತದೆ, ಹಾಗಾಗಿ ವರ್ಷಗಟ್ಟಲೆ ಹಾಕಿಸುವ ಶಕ್ತಿ ಇದೆಯಾ ಅಂತ ಲೆಕ್ಕ ಹಾಕಿ. ಆಪರೇಷನ್ ಬೇಡ ಅನ್ನುವ ಮನೆಗಳಲ್ಲಿ ಅದನ್ನು ಮೊದಲು ನೋಡುವುದು ತಪ್ಪಲ್ಲ. ಅಣ್ಣನ ಶುಗರ್ ಡಾಕ್ಟರನ್ನೇ ನೇರವಾಗಿ ಕೇಳಿ, "ಇನ್ಸುಲಿನ್, ಈ ಇಂಜೆಕ್ಷನ್, ಆಪರೇಷನ್, ಮೂರರಲ್ಲಿ ನನಗೆ ಯಾವುದು, ಯಾಕೆ" ಅಂತ.


ಸಂತೆಪೇಟೆ ತಂಗಿ, ಹಾಸನ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಸಿ-ಪೆಪ್ಟೈಡ್ ಮಾಡಿಸಿದೆವು, ಬರೀ ಹೊಟ್ಟೆಯಲ್ಲಿ 3.1 ಬಂದಿದೆ. ಡಾಕ್ಟರು ನೋಡಿ, "ಇನ್ಸುಲಿನ್ ತಯಾರಾಗ್ತಾ ಇದೆ, ಮೈ ಕೇಳ್ತಾ ಇಲ್ಲ" ಅಂದರು. ಆಪರೇಷನ್ ಬಗ್ಗೆ ಸರ್ಜನ್ನರನ್ನು ನೋಡಲು ಚೀಟಿ ಬರೆದುಕೊಟ್ಟಿದ್ದಾರೆ. ಅಲ್ಲಿಯವರೆಗೆ ಮಾತ್ರೆಗಳು ಹಾಗೇ ಇರಲಿ ಅಂದರು. ಪಾಲಿಸಿಯಲ್ಲಿ ಶುಗರ್ ಬರೆಸಿದ್ದಾನೆ, ನಾಲ್ಕು ವರ್ಷ ಆಗಿದೆ. ಸೋಮವಾರ ಕಣ್ಣು ತೋರಿಸಲು ಹೋಗುತ್ತಿದ್ದೇವೆ.

ಅಣ್ಣ ನಿಮ್ಮೆಲ್ಲರ ಮಾತು ಓದಿದ. ಕೇಳಿದ್ದು ಒಂದೇ: ಸೆಕ್ರೆಟರಿಯವರು ಈಗ ಮುದ್ದೆ ಹೇಗೆ ಉಣ್ಣುತ್ತಾರೆ?


ಡೇರಿ ಸೆಕ್ರೆಟರಿ, ಹೊಳೆನರಸೀಪುರ ತಾಲ್ಲೂಕು

ಉಣ್ಣುತ್ತೇನೆ ಅಂತ ಹೇಳಿ. ಮೊದಲ ತಿಂಗಳುಗಳಲ್ಲಿ ಅಂಬಲಿ, ಅದೂ ತೆಳ್ಳಗೆ, ಮಜ್ಜಿಗೆ ಹಾಕಿ. ಎಂಟನೇ ತಿಂಗಳಿಗೆ ಮತ್ತೆ ಮುದ್ದೆಗೆ ಕೈ ಹಾಕಿದೆ. ನಮ್ಮವಳು ನನಗೆ ಬೇರೆಯಾಗಿ ಸ್ವಲ್ಪ ಸಡಿಲವಾಗಿ ತೊಳಸುತ್ತಾಳೆ. ನಿಂಬೆಹಣ್ಣಿನ ಗಾತ್ರ. ಮೊದಲು ಸಾರಿನಲ್ಲಿರುವ ಕಾಳು, ಸೊಪ್ಪು ಮುಗಿಸುತ್ತೇನೆ. ಆಮೇಲೆ ಕಡಲೆಕಾಳಿನಷ್ಟು ಮುರಿದು, ಅದ್ದಿ, ಅಗಿಯುತ್ತೇನೆ. ಹೌದು, ಮುದ್ದೆಯನ್ನು ಅಗಿಯುತ್ತೇನೆ. ಮೊದಮೊದಲು ಪಂಕ್ತಿಯಲ್ಲಿ ಕೂತವರು ನನ್ನ ದವಡೆಯನ್ನೇ ನೋಡುತ್ತಿದ್ದರು. ಆ ನಿಂಬೆಹಣ್ಣು ಮುಗಿಯಲು ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಪಕ್ಕದವರು ಕೈ ತೊಳೆದು ಎಲೆ ಅಡಿಕೆ ಹಾಕಿಕೊಂಡಿರುತ್ತಾರೆ.

ಸರ್ಜನ್ನರನ್ನು ನೋಡಲು ಬೆಂಗಳೂರಿಗೆ ಹೋಗುವುದಾದರೆ ಶ್ರವಣಬೆಳಗೊಳದ ಮೇಲೆ ಹೋಗುವ ರೈಲಿನಲ್ಲೇ ಹೋಗಿ, ಬಸ್ಸಿಗಿಂತ ಆರಾಮ. ಹಳೇ ಚೀಟಿಗಳ ಕಟ್ಟು ಮರೆಯಬೇಡಿ.